ಕಡಲು ಸಮ ಇಲ್ಲ

ಅವರ ಬಲಗೈಯ ನಡುಬೆರಳು ಮಡಚುತ್ತಿರಲಿಲ್ಲ. ಹಿಂದೆ ಯಾವಾಗಲೋ ಜೀಪಿನ ಬಾಗಿಲೆಡೆಗೆ ಸಿಕ್ಕಿ ಮುರಿದದ್ದು ಸರಿಯಾಗಿ ಕೂಡಲಿಲ್ಲವಂತೆ; ಸೌಟಿನ ಹಿಡಿಯ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು. ಚಹಾದ ಗ್ಲಾಸು ಹಿಡಿದರೆ ಆ ಬೆರಳು ಹೊರಗೆ, ಅನ್ನ ಕಲಸಿದರೆ ಆ ಬೆರಳು ಮೇಲೆ. ಸಿಟ್ಟು ಬಂತೆಂದರೆ, ಅದು ದಿನಕ್ಕೊಮ್ಮೆಯಾದರೂ ಬರುತ್ತಿತ್ತು, ತೋರುಬೆರಳನ್ನು ತಂದು ಅದಕ್ಕೆ ಜೋಡಿಸಿ ಎರಡನ್ನೂ ಅಡ್ಡಲಾಗಿ ನಮ್ಮ ಮೂಗಿನ ಮುಂದೆ ಹಿಡಿಯುತ್ತಿದ್ದರು.

“ಇಷ್ಟು. ಎರಡು ಬೆರಳು. ಇದಕ್ಕಿಂತ ಸಣ್ಣದು ನಮಗೆ ಗೊತ್ತಿಲ್ಲ. ಗೊತ್ತುಂಟು ಅಂತ ಹೇಳುವವ ಲೊಟ್ಟೆ ಬಿಡ್ತಾನೆ.”

ನನ್ನದು ಪುತ್ತೂರಿನ ಬೊಳುವಾರಿನಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಹಿಂದುಗಡೆ ನಮ್ಮ ಮನೆ, ಮಾಳಿಗೆಯಲ್ಲಿ ಅವರ ಬಾಡಿಗೆ ಬಿಡಾರ. ನಮಗೆಲ್ಲ ಅವರು ಮೇಲಿನ ಮೇಡಂ. ಆಲೆಟ್ಟಿಯ ಗೌಡರ ಮನೆಯ ಹೆಣ್ಣು. ಕಲಿತು, ಉತ್ತರದ ಕಡೆ ಒಂದು ಸಂಶೋಧನಾ ಕಚೇರಿಯಲ್ಲಿ ಆಯುಷ್ಯವಿಡೀ ದುಡಿದು, ರಿಟೈರಾದ ಮೇಲೆ ಬಂದವರು. ಮದುವೆ ಆಗಿರಲಿಲ್ಲ. ಆಲೆಟ್ಟಿಯಲ್ಲಿ ತಮ್ಮನ ಮನೆ ಇದ್ದರೂ ಅಲ್ಲಿ ಉಳಿಯಲಿಲ್ಲ. “ಅಲ್ಲಿ ಕೂತರೆ ನನ್ನನ್ನು ಇಡೀ ಊರಿಗೆ ಅತ್ತೆ ಮಾಡಿಬಿಡ್ತಾರೆ ಮಾರಾಯ. ಇಲ್ಲಿ ನಿನ್ನ ಮೆಷಿನಿನ ಶಬ್ದವೇ ಸಾಕು,” ಎನ್ನುತ್ತಿದ್ದರು.

ಅವರ ಕೆಲಸ ಏನಾಗಿತ್ತೆಂದು ಒಂದೇ ಉಸಿರಿಗೆ ಹೇಳುವುದಾದರೆ, ಉಪಗ್ರಹದಿಂದ ಕಡಲಿನ ಎತ್ತರ ಅಳೆಯುವುದು. ಮೇಲಿನಿಂದ ರೇಡಾರಿನ ಒಂದು ಬಡಿತ ಕೆಳಗೆ ಹೋಗುತ್ತದೆ, ನೀರಿಗೆ ತಾಗಿ ಮೇಲೆ ಬರುತ್ತದೆ, ಎಷ್ಟು ಹೊತ್ತಾಯಿತು ಎಂಬುದರಿಂದ ಅಲ್ಲಿ ನೀರು ಎಷ್ಟು ಎತ್ತರದಲ್ಲಿದೆ ಎಂದು ಲೆಕ್ಕ ಹಾಕುತ್ತಾರೆ. ಅಷ್ಟು ಮೇಲಿನಿಂದ ಅಳೆದರೂ ತಪ್ಪುವುದು ಎರಡು ಬೆರಳಿನಷ್ಟೇ. ಹೆಮ್ಮೆಯೂ ಅದೇ, ವಿನಯವೂ ಅದೇ. ಅವರ ಹತ್ತಿರ ಇದ್ದ ವಿನಯವೇ ಅದೊಂದು, ಬೇರೆ ಯಾವ ವಿಷಯದಲ್ಲೂ ಇರಲಿಲ್ಲ ಎನ್ನಿ.

ಸಂಜೆ ಹೊತ್ತು ಅಂಗಡಿಗೆ ಇಳಿದು ಬಂದು ಸ್ಟೂಲಿನಲ್ಲಿ ಕೂರುವರು. ಕಂಪ್ಯೂಟರಿನಲ್ಲಿ ನಾನು ಅಕ್ಷರ ಜೋಡಿಸುತ್ತಿದ್ದರೆ ಕಣ್ಣು ಅಲ್ಲಿಯೇ. ‘ಹಾರ್ಧಿಕ’ ಎಂದು ಕಂಡರೆ ಮೈಮೇಲೆ ಬಂದವರ ಹಾಗೆ ಏಳುವರು. ಅದಕ್ಕಿಂತ ದೊಡ್ಡ ಜಗಳ ‘ಶೃದ್ಧಾಂಜಲಿ’ಯದ್ದು. ಶ್ರ ಬರೆಯಬೇಕಾದಲ್ಲಿ ಶೃ ಬರೆದು ತರುವುದು ನಮ್ಮೂರಿನಲ್ಲಿ ವಾಡಿಕೆ; ಕೊಟ್ಟವರು ಬರೆದದ್ದನ್ನು ನಾನು ಹಾಗೆಯೇ ಹೊಡೆದುಕೊಡುತ್ತಿದ್ದೆ. ಒಂದು ದಿನ ಅವರು ಆ ನೆಟ್ಟನೆಯ ಬೆರಳಿನಿಂದ ಸ್ಕ್ರೀನಿಗೆ ಕುಟ್ಟಿದರು.

“ಮದುವೆ ಫ್ಲೆಕ್ಸಿನಲ್ಲಿ ಒಂದು ಅಕ್ಷರ ತಪ್ಪಿದರೆ ಹೆಣ್ಣಿನ ಕಡೆಯವರು ನಿನ್ನ ಅಂಗಡಿ ಮುರೀತಾರೆ. ಸತ್ತವರು ಜಗಳಕ್ಕೆ ಬರುದಿಲ್ಲ ಅಂತ ನಿಮಗೆಲ್ಲ ಧೈರ್ಯ, ಅಲ್ವಾ?”

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿ ಉಂಟು. ಯಾಕೆಂದು ಆಮೇಲೆ ಹೇಳುತ್ತೇನೆ.

ರೈಲು ಸ್ಟೇಷನ್ನಿಗೆ ಒಮ್ಮೆ ಅವರನ್ನು ಬಿಡಲು ಹೋಗಿದ್ದೆ. ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಎತ್ತರ ಎಂದು ಬರೆದಿರುತ್ತದಲ್ಲ, ಅದರ ಮುಂದೆ ನಿಂತು ಒಬ್ಬರೇ ನಗಾಡಲಿಕ್ಕೆ ಶುರು ಮಾಡಿದರು. “ಯಾವ ಸಮುದ್ರದ ಮಟ್ಟ? ಯಾವ ದಿನದ್ದು? ಬೋರ್ಡಿಗೆ ಪೈಂಟ್ ಕೊಟ್ಟವನಿಗೆ ಗೊತ್ತುಂಟಾ, ಕಡಲು ಸಮವೇ ಇಲ್ಲ ಅಂತ?”

ಈ ‘ಸಮ’ ಎಂಬ ಪದವೇ ನಮ್ಮ ಮನೆಗೆ ಬಂದು ಸೇರಿಕೊಂಡದ್ದು. ಒಮ್ಮೆ ನನ್ನ ತಾಯಿ, ನಮ್ಮ ಉಮ್ಮ, ಮೆಟ್ಟಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾ, ಅಷ್ಟು ವರ್ಷ ನೀವು ಕೂತು ನೋಡಿದ್ದು ಎಂತ ಎಂದು ಮೇಡಂ ಹತ್ತಿರ ಕೇಳಿದ್ದಾರೆ. “ಕಡಲು ಸಮ ಇಲ್ಲ ಉಮ್ಮ. ಅದನ್ನೇ ನೋಡುದು,” ಎಂದು ಹೇಳಿ ಅವರು ಮೇಲೆ ಹೋಗಿದ್ದಾರೆ. ಘಟ್ಟದ ಮೇಲಿನವರಿಗೆ ಸಮ ಎಂದರೆ ಮಟ್ಟಸ, ಇಲ್ಲವೇ ಸರಿಸಮ, ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಹಾಗಲ್ಲ. ಹೊಟ್ಟೆ ಸಮ ಇಲ್ಲ, ಗಾಡಿ ಸಮ ಇಲ್ಲ, ಆ ಜನ ಅಷ್ಟು ಸಮ ಇಲ್ಲ. ಉಮ್ಮನಿಗೆ ಕೇಳಿದ್ದು, ಕಡಲಿಗೆ ಏನೋ ಆಗಿದೆ ಎಂದು. ನನ್ನ ತಂಗಿಯ ಗಂಡ ಕಡಲಲ್ಲಿದ್ದ. ಗಲ್ಫಿನ ಒಂದು ಕಂಪೆನಿಯ ಸಣ್ಣ ಸರಕಿನ ಹಡಗಿನಲ್ಲಿ ಇಂಜಿನಿನ ಕೆಲಸ. ಬೆಳ್ಳುಳ್ಳಿ ಅಲ್ಲೇ ಚೆಲ್ಲಿತು. ಉಮ್ಮ ತಂಗಿಯನ್ನು ಕೂಗಿ, ನೆಂಟರಿಗೆಲ್ಲ ಫೋನು ಮಾಡಿಸಿ, ಕಡಲು ಸಮ ಇಲ್ಲ ಎಂದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿಸಿ, ನಮಾಜಿನ ಚಾಪೆ ಬಿಡಿಸಿ ಕೂತರು. ಹಡಗಿನಿಂದ ತಂಗಿಯ ಗಂಡ ಗಾಬರಿಯಲ್ಲಿ ಫೋನು ಮಾಡಿದ. “ಎಂತ, ಚಂಡಮಾರುತವಾ? ಇಲ್ಲಿ ಗಾಳಿ ಕೂಡ ಇಲ್ಲ!”

ವಿಷಯ ತಿಳಿದ ಮೇಲೆ ಅವನು ನಗಾಡಿದ್ದು ಸ್ಪೀಕರಿನಲ್ಲಿ ಬೀದಿಗೆ ಕೇಳಿತು. ಅಲ್ಲಿಂದ ಮುಂದೆ ಯಾವಾಗ ಫೋನು ಮಾಡಿದರೂ ಮೊದಲ ಪ್ರಶ್ನೆ, “ಮೇಲಿನ ಮೇಡಂ ಎಂತ ಹೇಳ್ತಾರೆ? ಕಡಲು ಸಮ ಉಂಟಾ?” ಮೇಡಂ ಸ್ವತಃ ಫೋನು ಕಿತ್ತುಕೊಂಡು ಪಾಠ ಮಾಡುವರು. ಲಂಕೆಯ ದಕ್ಷಿಣಕ್ಕೆ ಕಡಲು ದೊಡ್ಡ ಬೋಗುಣಿಯ ಹಾಗೆ ನೂರು ಮೀಟರಿನಷ್ಟು ತಗ್ಗಿನಲ್ಲಿ ಉಂಟು ಎಂದು ಅವರು ಹೇಳಿದ ದಿನ ಅವನು ಕೇಳಿದ, “ಹಾಗಾದರೆ ಹಡಗು ಇಳಿದು ಹತ್ತಬೇಕಾ ಮೇಡಂ? ಡೀಸೆಲ್ ಜಾಸ್ತಿ ಬೇಕಲ್ಲ?”

ಮೇಡಂ ಆ ಪ್ರಶ್ನೆಗೆ ಎಷ್ಟು ಖುಷಿಪಟ್ಟರೆಂದರೆ, ಬೆರಳು ತೋರಿಸುವುದನ್ನೂ ಮರೆತರು. “ಇಲ್ಲ ಮಾರಾಯ. ಭೂಮಿ ಎಳೆಯುದೇ ಅಲ್ಲಿ ಕಡಿಮೆ. ನಮ್ಮ ಲೆಕ್ಕಕ್ಕೆ ತಗ್ಗು. ನೀರಿಗೆ ಅದೇ ಸಮ.”

ಆ ವರ್ಷ ಮಳೆಗಾಲ ಶುರುವಾದ ಮೇಲೆ ಅವನ ಫೋನು ಬರಲಿಲ್ಲ. ತಂಗಿ ದಿನವಿಡೀ ಮೊಬೈಲು ಕೈಯಲ್ಲೇ ಹಿಡಿದು ಕೂತಳು. ಹಡಗು ಅರಬಿ ಕಡಲಿನಲ್ಲಿ ಮುಳುಗಿದೆ ಎಂದು ಸುದ್ದಿ ಬಂತು; ಆಮೇಲೆ ಮುಳುಗಿದ್ದೋ ಕಾಣೆಯಾದದ್ದೋ ಗೊತ್ತಿಲ್ಲ ಎಂದು ಇನ್ನೊಂದು ಸುದ್ದಿ. ಅವನನ್ನು ಆ ಹಡಗಿಗೆ ಹತ್ತಿಸಿದ ಏಜೆಂಟು ನಮ್ಮೂರಿನವನೇ. ನಾಲ್ಕು ಸಂಘಗಳ ಗೌರವಾಧ್ಯಕ್ಷ, ಹಬ್ಬ ಯಾವುದೇ ಆಗಲಿ ಬೀದಿಯಲ್ಲಿ ಕೈಮುಗಿದುಕೊಂಡು ನಿಂತಿರುವ ಫ್ಲೆಕ್ಸಿನ ಮುಖ. ಅವನು ನಾವು ಕರೆದಾಗ ಬರಲಿಲ್ಲ. ಕೊನೆಗೆ ತಾನಾಗಿ ಬಂದ, ಬಿಳಿ ಅಂಗಿ ಹಾಕಿಕೊಂಡು, ಮೊಬೈಲಿನಲ್ಲಿ ಒಂದು ಚಿತ್ರ ಇಟ್ಟುಕೊಂಡು.

ಚಿತ್ರ ನೋಡಲಿಕ್ಕೆ ಚಂದವೇ ಇತ್ತು. ಕಡಲಿನ ಮೇಲೆ ಕೆಂಪು, ನೀಲಿ, ಹಳದಿ ಬಣ್ಣಗಳು. “ನೋಡಿ, ಕಂಪೆನಿಯವರು ಉಪಗ್ರಹದಲ್ಲಿ ಹುಡುಕಿಸಿದ್ದಾರೆ. ಎರಡು ಇಂಚು ಕೂಡ ತಪ್ಪದ ಉಪಗ್ರಹ. ಒಂದು ಬೋಟು, ಒಂದು ಮನುಷ್ಯ ಇದ್ದಿದ್ದರೆ ಕಾಣ್ತಿತ್ತು. ಏನೂ ಇಲ್ಲ. ಇನ್ನು ಕಾಯುದು ಬೇಡ. ನೀವು ಒಪ್ಪಿದರೆ ಕಂಪೆನಿ ಫೈಲು ಮುಗಿಸ್ತದೆ, ನಿಮಗೂ ಒಂದು ದಾರಿ ಆಗ್ತದೆ.”

ಉಮ್ಮ ಗೋಡೆಗೆ ಒರಗಿದರು. “ಅವತ್ತೇ ಹೇಳಿದ್ದರು ಅವರು, ಕಡಲು ಸಮ ಇಲ್ಲ ಅಂತ. ನೀವೆಲ್ಲ ನಗಾಡಿದ್ರಿ.”

ಒಪ್ಪುವುದೆಂದರೆ ನಮ್ಮಲ್ಲಿ ಬರೀ ತಲೆಯಾಡಿಸುವುದಲ್ಲ. ಗಂಡ ತೀರಿಕೊಂಡ ಹೆಂಗಸು ಇದ್ದತ್ ಕೂರಬೇಕು; ನಾಲ್ಕು ತಿಂಗಳು ಹತ್ತು ದಿನ, ಒಡವೆ ತೆಗೆದಿಟ್ಟು, ಹೊಸ್ತಿಲು ದಾಟದೆ. ಅದು ಮುಗಿದರೆ ಅವಳು ಅವನ ಹೆಂಡತಿ ಅಲ್ಲ, ವಿಧವೆ. ಸತ್ತದ್ದು ಖಾತ್ರಿ ಇಲ್ಲದೆ ಕೂತರೆ ಬದುಕಿರುವವನನ್ನು ನಾವೇ ಕೊಂದ ಹಾಗೆ. ಸತ್ತದ್ದು ಹೌದಾಗಿಯೂ ಕೂರದಿದ್ದರೆ ಅವನಿಗೆ ಸಲ್ಲಬೇಕಾದದ್ದು ಸಲ್ಲಿಸದ ಹಾಗೆ. ತಂಗಿ ಪರದೆಯ ಹಿಂದೆ ನಿಂತು ಕೇಳಿದ್ದು ಒಂದೇ, “ನಾನು ಈಗ ಯಾರು? ಹೆಂಡತಿಯಾ, ಅಲ್ಲವಾ? ಅದೊಂದು ಹೇಳಿ.”

ನಮ್ಮ ಮಸೀದಿಯ ಉಸ್ತಾದರನ್ನು ಕರೆಸಿದೆವು. ಅವರು ಚಿತ್ರವನ್ನು ಬಹಳ ಹೊತ್ತು ನೋಡಿ, “ಖಾತ್ರಿ ಬೇಕು. ಕಂಡವರು ಬೇಕು. ಈ ಉಪಗ್ರಹ ಕಂಡಿದೆಯೋ ಇಲ್ಲವೋ ನನಗೆ ತಿಳಿಯುದಿಲ್ಲ. ತಿಳಿದವರು ನಿಮ್ಮ ಮಾಳಿಗೆಯಲ್ಲೇ ಇದ್ದಾರಲ್ಲ,” ಎಂದರು.

ಮೇಡಂ ಇಳಿದು ಬಂದರು. ಎಣ್ಣೆ ಹಚ್ಚಿದ ತಲೆ, ಹೆಗಲ ಮೇಲೆ ಬೈರಾಸು, ಮೀಯಲು ಹೊರಟವರು ಹಾಗೆಯೇ ಬಂದಿದ್ದರು. ಉಸ್ತಾದರು ಎದ್ದು ನಿಂತು ಕುರ್ಚಿ ತೋರಿಸಿದರು.

“ಮೇಡಂ, ನನಗೆ ಒಂದೇ ಗೊತ್ತಾಗಬೇಕು. ಹುಡುಗ ಅಲ್ಲಿ ಇಲ್ಲ ಅಂತ ಅದು ಕಂಡದ್ದಾ? ಇಲ್ಲ, ಹುಡುಗನನ್ನು ಅದು ಕಾಣಲಿಲ್ಲವಾ? ಎರಡೂ ಒಂದೇ ಅಲ್ಲ.”

ಮೇಡಂ ಅವರನ್ನು ದಿಟ್ಟಿಸಿ ನೋಡಿದರು. “ಉಸ್ತಾದರೇ, ಈ ಪ್ರಶ್ನೆ ಕೇಳುವವರು ಇದ್ದರೆ ಅರ್ಧ ಲೋಕ ನೆಟ್ಟಗಾಗ್ತಿತ್ತು,” ಎಂದು ಹೇಳಿ ಏಜೆಂಟನ ಮೊಬೈಲಿಗೆ ಕೈ ಚಾಚಿದರು. ಚಿತ್ರ ನೋಡಿದ್ದೇ ಅವರ ಮುಖ ಕೆಂಪಾಯಿತು.

“ಇದು ಹುಡುಕಿದ ಚಿತ್ರ ಅಲ್ಲ. ಇದು ಕಡಲಿನ ಎತ್ತರದ ಚಿತ್ರ. ಹಲವು ಉಪಗ್ರಹದ ಲೆಕ್ಕ ಸೇರಿಸಿ ದಿನಾ ಬರ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕೆಂಪು ಇದ್ದಲ್ಲಿ ನೀರು ಉಬ್ಬಿದೆ, ನೀಲಿ ಇದ್ದಲ್ಲಿ ತಗ್ಗಿದೆ. ಮನುಷ್ಯನನ್ನು ನೋಡ್ಲಿಕ್ಕೆ ಮಾಡಿದ್ದೇ ಅಲ್ಲ ಇದು!”

“ಎರಡು ಇಂಚು ತಪ್ಪುದಿಲ್ಲ ಅಂತ ಕಂಪೆನಿಯವರೇ ಹೇಳಿದ್ದಾರೆ ಮೇಡಂ,” ಎಂದ ಏಜೆಂಟು.

ಬೆರಳುಗಳು ಮೇಲೆದ್ದವು. “ಹೌದು, ಎರಡು ಬೆರಳು. ಎತ್ತರದಲ್ಲಿ! ಅಗಲದಲ್ಲಿ ಎಷ್ಟು ಗೊತ್ತುಂಟಾ ನಿನಗೆ? ಹಳೆಯ ಉಪಗ್ರಹಕ್ಕೆ ಪುತ್ತೂರಿಂದ ಸುಳ್ಯ, ಅಲ್ಲಿಂದ ಕಲ್ಲುಗುಂಡಿ, ಹತ್ತಿರ ಹತ್ತಿರ ಐವತ್ತು ಕಿಲೋಮೀಟರು, ಎಲ್ಲ ಕಲಸಿ ಒಂದು ಮುದ್ದೆ. ಈಗ ಹೊಸತು ಬಂದಿದೆ, ಅದಕ್ಕೆ ಇಲ್ಲಿಂದ ಕಾಣಿಯೂರಿನಷ್ಟು ದೊಡ್ಡ ಉಬ್ಬು ಬೇರೆಯಾಗಿ ಕಾಣ್ತದೆ. ಅದರೊಳಗಿನ ಮನೆ, ಮರ, ಮನುಷ್ಯ ಒಂದೂ ಅದಕ್ಕೆ ಇಲ್ಲ. ಮತ್ತೆ ಅದು ಅಲ್ಲೇ ನಿಂತು ಕಾವಲು ಕಾಯುದಿಲ್ಲ. ಒಮ್ಮೆ ಹೋದ ದಾರಿಗೆ ವಾಪಸು ಬರ್ಲಿಕ್ಕೆ ವಾರಗಟ್ಟಲೆ ಆಗ್ತದೆ.”

ಆಮೇಲೆ ಉಮ್ಮನ ಕಡೆ ತಿರುಗಿ ದನಿ ತಗ್ಗಿಸಿದರು. “ಉಮ್ಮ, ಮಕ್ಕಳು ಕಂಬಳಿ ಹೊದ್ದು ಮಲಗಿದ್ದಾರೆ ಅಂತ ಇಟ್ಟುಕೊಳ್ಳಿ. ಬಾಗಿಲಲ್ಲಿ ನಿಂತು ನೋಡಿದರೆ ಇಲ್ಲೊಂದು ಉಬ್ಬು, ಅಲ್ಲೊಂದು ತಗ್ಗು ಕಾಣ್ತದೆ. ಕಂಬಳಿಯ ಮೇಲೆ ಒಂದು ಇರುವೆ ಹೋಗ್ತಾ ಉಂಟಾ ಇಲ್ಲವಾ ಅಂತ ಕಾಣ್ತದಾ? ಇರುವೆ ಕಾಣ್ಲಿಲ್ಲ ಅಂತ, ಇರುವೆ ಸತ್ತಿದೆ ಅಂತ ಹೇಳ್ಲಿಕ್ಕೆ ಆಗ್ತದಾ?”

“ಇಲ್ಲ,” ಎಂದರು ಉಮ್ಮ. ಆ ದಿನ ಅವರು ಆಡಿದ ಮೊದಲ ಗಟ್ಟಿ ಮಾತು ಅದು.

ಮೇಡಂ ಮತ್ತೆ ಮೊಬೈಲು ಎತ್ತಿ ಏಜೆಂಟನ ಮುಖದ ಹತ್ತಿರ ಹಿಡಿದರು. “ಆದರೆ ಈ ಚಿತ್ರ ಒಂದು ವಿಷಯ ಹೇಳ್ತದೆ. ನೀರು ಯಾವ ಕಡೆ ಹೋಗ್ತಾ ಉಂಟು ಅಂತ. ಈ ಉಬ್ಬಿನ ಅಂಚು ಹಿಡಿದು ದಕ್ಷಿಣಕ್ಕೆ ಹೋಗ್ತಾ ಉಂಟು. ಓದ್ಲಿಕ್ಕೆ ಬರುವವ ಒಬ್ಬ ಇದ್ದಿದ್ದರೆ, ದಕ್ಷಿಣಕ್ಕೆ ಬೋಟು ಕಳಿಸಿ, ವಿಮಾನ ಕಳಿಸಿ, ಮನುಷ್ಯರ ಕಣ್ಣಲ್ಲಿ ಹುಡುಕಿ ಅಂತ ಹೇಳ್ತಿದ್ದ. ಎಲ್ಲಿ ಹುಡುಕಿದ್ದು ನಿಮ್ಮವರು? ಹೇಳು!”

“ಅದೆಲ್ಲ... ಕಂಪೆನಿಯವರಿಗೆ ಗೊತ್ತು.”

“ಹುಡುಕಿದ್ದಾರಾ?”

ಏಜೆಂಟನಿಗೆ ಸಿಟ್ಟು ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹುಡುಕಿಲ್ಲ ಎಂದು ಅವರಿನ್ನೂ ಹೇಳಿಯೇ ಇರಲಿಲ್ಲ, ಇವನು ಆಗಲೇ ಮಾನನಷ್ಟ, ವಕೀಲರು, ಒಳ್ಳೆಯದು ಮಾಡಲು ಬಂದವನಿಗೆ ಇದೇನಾ ಮರ್ಯಾದೆ ಎಂದು ಕೂಗಲಿಕ್ಕೆ ಶುರು ಮಾಡಿದ. ಮೇಡಂ ಕೂಗಲಿಲ್ಲ. ಪರದೆಯ ಕಡೆ ತಿರುಗಿ ಮಾತಾಡಿದರು.

“ಮಗಾ, ಅವನು ಬದುಕಿದ್ದಾನೆ ಅಂತ ನಾನು ಹೇಳುದಿಲ್ಲ. ನನಗೆ ಗೊತ್ತಿಲ್ಲ. ಸತ್ತಿದ್ದಾನೆ ಅಂತ ಇವನಿಗೂ ಗೊತ್ತಿಲ್ಲ. ಉಪಗ್ರಹಕ್ಕಂತೂ ಗೊತ್ತೇ ಇಲ್ಲ. ಅದು ಸಾಕ್ಷಿ ಅಲ್ಲ.”

“ಹಾಗಾದರೆ ಇದ್ದತ್ ಇಲ್ಲ,” ಎಂದು ಉಸ್ತಾದರು ಎದ್ದರು.

ಏಜೆಂಟು ಹೋದ ಮೇಲೆ ಮೇಡಂ ಜಗಲಿಯಲ್ಲಿ ಕೂತರು; ಸಿಟ್ಟು ಇಳಿದಿರಲಿಲ್ಲ. “ಅದು ನನ್ನ ಎರಡು ಬೆರಳು ಮಾರಾಯ. ನಾವೊಂದಷ್ಟು ಜನ ಕಣ್ಣು ಕಳಕೊಂಡು, ತಪ್ಪನ್ನು ಕಡಿಮೆ ಮಾಡಿ ಮಾಡಿ, ಇಷ್ಟಕ್ಕೆ ತಂದದ್ದು. ಅದನ್ನೇ ಹಿಡಿದು ಈ ಹುಡುಗಿಯ ಕಣ್ಣಿಗೆ ಚುಚ್ಚಿದನಲ್ಲ! ಪೂರಾ ಲೊಟ್ಟೆ ಹೇಳಿದ್ದರೆ ನನಗೆ ಇಷ್ಟು ಹೊಟ್ಟೆ ಉರೀತಿರಲಿಲ್ಲ.”

ನನಗೆ ಉರಿದದ್ದು ಆಮೇಲೆ. ಅವರು ಹಳೆಯ ಸಹೋದ್ಯೋಗಿಗಳಿಗೆ ಫೋನು ಮಾಡಿದರು. ನೀರು ಹೋಗುವ ದಿಕ್ಕಿನ ಚಿತ್ರ ಬರೆದು ಎಲ್ಲೆಲ್ಲಿಗೋ ಕಳಿಸಿದರು. ಮಂಗಳೂರಿಗೆ ಹೋಗಿ ಕಚೇರಿಗಳ ಬೆಂಚಿನಲ್ಲಿ ಕೂತು ಬಂದರು. ಕೆಲವರು ಗೌರವದಿಂದ ಕೇಳಿದರಂತೆ, ಆದರೆ ಹಡಗಿನ ಕಂಪೆನಿಯವರೇ ಹುಡುಕಾಟ ಮುಗಿದಿದೆ ಎಂದು ಬರೆದುಕೊಟ್ಟ ಮೇಲೆ ನಾವೇನು ಮಾಡುವುದು ಎಂದರಂತೆ. ಕಂಪ್ಯೂಟರಿನಿಂದ ಇಳಿಸಿಕೊಂಡ ಬಣ್ಣದ ಚಿತ್ರವನ್ನು ತೋರಿಸಿ ಹುಡುಕಾಟ ಮುಗಿಸಿದವರು! ಮತ್ತೆ ನಮ್ಮ ಊರು? ನಮ್ಮ ಊರಿಗೆ ಆ ಲೊಟ್ಟೆ ದೊಡ್ಡದಾಗಿ ಕಾಣಲಿಲ್ಲ. ಕಂಡದ್ದು ಈ ಹೆಂಗಸು. ಅವರ ಕಡೆಯವರು, ಬ್ಯಾರಿಗಳ ಮನೆಯ ವಿಷಯ ಇವರಿಗೆ ಎಂತಕ್ಕೆ ಎಂದರು. ನಮ್ಮ ಕಡೆಯವರು, ನಮ್ಮ ದೀನಿನ, ಧರ್ಮದ ವಿಷಯ ಇವರಿಗೆ ಎಂತಕ್ಕೆ ಎಂದರು. ಎರಡು ಕಡೆಯವರೂ ಸೇರಿ ಒಪ್ಪಿದ ಒಂದೇ ಮಾತು, ಮುದುಕಿ ಸ್ವಲ್ಪ ಪೆದಂಬು ಎಂದು. ಹೇಳಿದ್ದಕ್ಕೆಲ್ಲ ಎದುರು ಹೇಳುವವರಿಗೆ ತುಳುವಿನಲ್ಲಿ ಹಾಗೆನ್ನುತ್ತಾರೆ. ಥೂ! ಒಂದು ಸರಿಯಾದ ಮಾತು ಹೇಳಿದವರು ಪೆದಂಬು, ಸಭೆಯಲ್ಲಿ ಶಾಲು ಹೊದ್ದವನು ದೊಡ್ಡ ಜನ. ನಾನು ಇದನ್ನೆಲ್ಲ ಅಂಗಡಿಯಲ್ಲೇ ಕೇಳಿದ್ದೇನೆ, ನನ್ನ ಸ್ಟೂಲಿನಲ್ಲೇ ಕೂತು ಹೇಳಿದವರಿದ್ದಾರೆ. ಅವರಲ್ಲಿ ಇಬ್ಬರಿಗೆ ಬೇರೆ ಅಂಗಡಿ ನೋಡಿಕೊಳ್ಳಲು ಹೇಳಿದೆ.

ಮಳೆ ಇಳಿಯುವ ಹೊತ್ತಿಗೆ ಕಾಸರಗೋಡಿನ ಕಡೆಯ ಒಬ್ಬ ಯುವಕ ವಿಳಾಸ ಕೇಳಿಕೊಂಡು ನಮ್ಮ ಅಂಗಡಿಗೆ ಬಂದ. ಕೈಕಾಲು ಕಡ್ಡಿ, ತುಟಿಯ ಚರ್ಮ ಇನ್ನೂ ಸುಲಿದಂತೆ ಇತ್ತು. ತಂಗಿಯ ಗಂಡನ ಹಡಗಿನಲ್ಲೇ ಇದ್ದವನು. ಹಡಗು ಮುಳುಗಿದಾಗ ಇವನು, ತಂಗಿಯ ಗಂಡ, ಇನ್ನೊಬ್ಬ, ಹೀಗೆ ಮೂವರು ಒಂದು ರಬ್ಬರ್ ತೆಪ್ಪದಲ್ಲಿ ಉಳಿದಿದ್ದರು. ಕೊನೆಗೆ ಯಾವುದೋ ದೇಶದ ಮೀನಿನ ದೋಣಿಯವರು ಎತ್ತಿಕೊಂಡದ್ದು ಇವನನ್ನೂ ಇನ್ನೊಬ್ಬನನ್ನೂ. ಭಾಷೆ ಬಾರದ ಊರಿನ ಆಸ್ಪತ್ರೆಯಲ್ಲಿ ಮಲಗಿ, ಕಾಗದಪತ್ರ ಇಲ್ಲದೆ ಅಲೆದು, ಊರು ಮುಟ್ಟಿದವನು ತನ್ನ ಮನೆಯಲ್ಲಿ ಎರಡು ರಾತ್ರಿ ಉಳಿದು ನೇರ ಇಲ್ಲಿಗೆ ಬಂದಿದ್ದ.

ಉಸ್ತಾದರು ಬಂದರು, ಮೇಡಂ ಬಂದರು. ಅವನು ನೆಲ ನೋಡುತ್ತಾ ಮಲಯಾಳದಲ್ಲಿ ಹೇಳಿದ. ತಂಗಿಯ ಗಂಡನಿಗೆ ಮುಳುಗುವಾಗಲೇ ಪಕ್ಕೆಗೆ ಪೆಟ್ಟಾಗಿತ್ತು. ಕೆಲವು ದಿನ ಮಾತಾಡುತ್ತಿದ್ದ. ತೆಪ್ಪ ಏರಿ ಇಳಿಯುವಾಗ, ನಮ್ಮ ಮನೆಯ ಮೇಲೆ ಒಬ್ಬರು ಮೇಡಂ ಇದ್ದಾರೆ, ನೀರಿಗೆ ಇದೇ ಸಮ ಅಂತ ಹೇಳಿದ್ದಾರೆ ಎಂದು ಇವರನ್ನು ನಗಿಸಲು ನೋಡಿದ್ದ. ಆಮೇಲೆ ಮಾತು ನಿಂತಿತು. ಒಂದು ಬೆಳಿಗ್ಗೆ ತೀರಿಕೊಂಡ. ಇವರು ತಮಗೆ ಗೊತ್ತಿದ್ದಷ್ಟು ಓದಿ, ನಮಾಜು ಮಾಡಿ, ಅವನನ್ನು ಕಡಲಿಗೆ ಕೊಟ್ಟರು.

“ವಿಮಾನ ಬಂತಾ? ಬೋಟು?” ಎಂದು ಕೇಳಿದವರು ಮೇಡಂ.

“ಯಾರೂ ಬರಲಿಲ್ಲ. ನೀರು ನಮ್ಮನ್ನು ದಕ್ಷಿಣಕ್ಕೆ ಒಯ್ಯುತ್ತಲೇ ಇತ್ತು. ದಿನಾ ಆಕಾಶ ನೋಡುತ್ತಿದ್ದೆವು.”

ನಾನು ಎದ್ದು ನಿಂತು, “ದಕ್ಷಿಣಕ್ಕೆ! ನೀವು ಹೇಳಿದ್ದು! ಹುಡುಕಿದ್ದರೆ ಸಿಗ್ತಿದ್ದ!” ಎಂದು ಕಿರುಚಿದೆ. ಮೇಡಂ ನನ್ನ ಕೈ ಹಿಡಿದು ಕೂರಿಸಿದರು. ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಆದರೂ ಆ ಎರಡು ಬೆರಳು ಜೋಡಿಸಿಯೇ ಇದ್ದರು.

“ಸಿಗ್ತಿದ್ದ ಅಂತ ನಾನು ಹೇಳಲಾರೆ. ಕಡಲು ದೊಡ್ಡದು, ತೆಪ್ಪ ಸಣ್ಣದು. ಹುಡುಕಲಿಲ್ಲ ಅಂತ ಮಾತ್ರ ಹೇಳ್ತೇನೆ. ಅದು ಈಗ ಖಾತ್ರಿ.”

ಆ ಹೊತ್ತಿನಲ್ಲೂ ತಮಗೆ ಗೊತ್ತಿದ್ದಕ್ಕಿಂತ ಒಂದು ಎಳೆ ಹೆಚ್ಚು ಹೇಳಲಿಲ್ಲ. ಹೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆದರೆ ಅವರು ಸಮಾಧಾನಕ್ಕೆ ಬಂದವರಲ್ಲ, ಸಾಕ್ಷಿಗೆ ಬಂದವರು.

ಉಸ್ತಾದರು ಅವನು ತೀರಿದ ದಿನದಿಂದ ಎಣಿಸಿ, ಉಳಿದಷ್ಟು ದಿನ ಹೇಳಿದರು. ತಂಗಿ ತಾನೇ ಬಳೆ ತೆಗೆದು ಉಮ್ಮನ ಮಡಿಲಲ್ಲಿ ಹಾಕಿದಳು. ಮೊದಲ ಸಲ ಗಟ್ಟಿಯಾಗಿ ಅತ್ತಳು. ಇದ್ದತ್ತಿನ ದಿನಗಳಲ್ಲಿ ಸಂಜೆ ಮೇಡಂ ಅಂಗಡಿಗೆ ಬರುವುದನ್ನು ಬಿಟ್ಟರು. ಮೆಟ್ಟಿಲು ಇಳಿದು ನೇರ ಒಳಕೋಣೆಗೆ ಹೋಗಿ ಅವಳ ಹತ್ತಿರ ಕೂರುತ್ತಿದ್ದರು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಕೆಲವೊಮ್ಮೆ ಆ ದಿನದ ಕಡಲಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಇವತ್ತು ಅಲ್ಲಿ ನೀರು ಹೀಗೆ ಉಂಟು ಎಂದು ತೋರಿಸುತ್ತಿದ್ದರು. ಅವನಿಗೆ ಬೇರೆ ಗೋರಿ ಇಲ್ಲವಲ್ಲ. ತಂಗಿ ಅದನ್ನೇ ನೋಡುತ್ತಿದ್ದಳು. “ಆ ಏಜೆಂಟನ ಮಾತು ಕೇಳಿ ಕೂತಿದ್ದರೆ, ತೆಪ್ಪದಲ್ಲಿ ಅವರಿನ್ನೂ ಉಸಿರಾಡುವಾಗಲೇ ನಾನು ಬಳೆ ತೆಗೀತಿದ್ದೆ ಅಲ್ವಾ ಮೇಡಂ?” ಎಂದು ಒಮ್ಮೆ ಕೇಳಿದ್ದಳಂತೆ. “ಇರಬಹುದು. ಅದೂ ನನಗೆ ಗೊತ್ತಿಲ್ಲ ಮಗಾ,” ಎಂದರಂತೆ ಅವರು.

ಮರುವರ್ಷ ಮೇಡಂ ತೀರಿಕೊಂಡರು. ಎದೆನೋವು ಎಂದು ನಾನೇ ಆಸ್ಪತ್ರೆಗೆ ಕರೆದೊಯ್ದೆ. ದಾರಿಯಲ್ಲಿ ಡ್ರೈವರು “ಏನೂ ಆಗುದಿಲ್ಲ ಅಮ್ಮ” ಎಂದದ್ದಕ್ಕೆ, “ನಿನಗೆ ಹೇಗೆ ಗೊತ್ತು?” ಎಂದು ಜಗಳಕ್ಕೆ ನಿಂತರು. ಅವರ ಕೊನೆಯ ಜಗಳ ಅದು. ಆಲೆಟ್ಟಿಗೆ ಒಯ್ದರು. ನಾನು, ಉಮ್ಮ, ತಂಗಿ, ಉಸ್ತಾದರು ಒಂದು ಕಾರಿನಲ್ಲಿ ಹೋದೆವು. ಅವರ ತಮ್ಮ ನಮ್ಮನ್ನು ಕಂಡು ಜನ ಸರಿಸಿ ಹತ್ತಿರ ಕರೆದುಕೊಂಡರು. ಕೈ ಎದೆಯ ಮೇಲೆ ಜೋಡಿಸಿ ಇಟ್ಟಿದ್ದರು. ಆ ಬೆರಳು ಮಾತ್ರ ನೆಟ್ಟಗೆ.

ಮರುದಿನ ಅಂಗಡಿ ತೆರೆದು ಕೂತಿದ್ದೆ. ಮೊಬೈಲಿಗೆ ಒಂದು ಆರ್ಡರು ಬಂತು. ದೊಡ್ಡ ಅಳತೆಯ ಫ್ಲೆಕ್ಸು, ಬಸ್‌ಸ್ಟ್ಯಾಂಡಿನ ಹತ್ತಿರ ಹಾಕಲಿಕ್ಕೆ. ‘ಶೃದ್ಧಾಂಜಲಿ. ಉಪಗ್ರಹದ ಮೂಲಕ ಕಡಲನ್ನು ಇಂಚಿಂಚೂ ಜಾಲಾಡಿದ ನಮ್ಮೂರ ಹೆಮ್ಮೆಯ ವಿಜ್ಞಾನಿಗೆ ಅಶ್ರುತರ್ಪಣ.’ ಕೆಳಗೆ ಕೋರುವವರ ಹೆಸರು, ಫೋಟೋ. ಅವರ ಫೋಟೋಕ್ಕಿಂತ ಕೋರುವವನ ಫೋಟೋ ದೊಡ್ಡದು. ಕೋರುವವನು ಯಾರು? ಅದೇ ಏಜೆಂಟು. ಅದೇ ಬಿಳಿ ಅಂಗಿ, ಅದೇ ಮುಗಿದ ಕೈ.

ಕೂಡಲೇ ಫೋನು ಮಾಡಿದೆ. “ಇಂಚಿಂಚು ಅಲ್ಲ. ಅದು ಸುಳ್ಳು ಅಂತಲೇ ಅವರು ನಿಮ್ಮ ಮುಖಕ್ಕೆ ಹೇಳಿ ಹೋದದ್ದು. ಮತ್ತೆ ಶ್ರದ್ಧೆಗೆ ಶ್ರ.”

“ಎಂತ ಮಾರಾಯ, ಸತ್ತವರಿಗೆ ಇಂಚಿನ ಲೆಕ್ಕ ಎಂತಕ್ಕೆ? ಅಕ್ಷರ ನೀನೇ ಸರಿ ಮಾಡಿಕೊ. ಒಳ್ಳೆಯದೇ ಬರೆದದ್ದಲ್ವಾ?” ಎಂದು ನಕ್ಕ.

“ಸತ್ತವರು ಜಗಳಕ್ಕೆ ಬರುದಿಲ್ಲ ಅಂತ ಧೈರ್ಯವಾ ನಿಮಗೆ?” ಎಂದೆ. “ಅವರ ಬದಲಿಗೆ ನಾನು ಬರ್ತೇನೆ. ಈ ಅಂಗಡಿಯಲ್ಲಿ ನಿಮ್ಮ ಮುಖ ಇನ್ನು ಪ್ರಿಂಟ್ ಆಗುದಿಲ್ಲ. ಹುಟ್ಟುಹಬ್ಬಕ್ಕೂ ಇಲ್ಲ, ತೀರಿಕೊಂಡರೂ ಇಲ್ಲ.”

ಬೇರೆ ಕಡೆ ಮಾಡಿಸಿದ, ಬಿಡಿ. ಬಸ್‌ಸ್ಟ್ಯಾಂಡಿನಲ್ಲಿ ಬಹಳ ದಿನ ನಿಂತಿತ್ತು, ಶೃ ಸಮೇತ. ಅದರ ಅಡಿಯಲ್ಲಿ ಬಸ್ಸಿಗೆ ಕಾಯುವವರು ಓದಿ, ಓ ಇಂಚಿಂಚು ಹುಡುಕುವ ಉಪಗ್ರಹ ಉಂಟಾ ಎಂದು ಮೆಚ್ಚಿಕೊಂಡರು. ಆ ಹಡಗಿನ ಕಂಪೆನಿ ಬೇರೆ ಹೆಸರಿನಲ್ಲಿ ಈಗಲೂ ಜನ ತೆಗೆದುಕೊಳ್ಳುತ್ತದೆ ಎಂದು ಕೇಳಿದ್ದೇನೆ.

ನಾನು ನನ್ನದೇ ಒಂದು ಸಣ್ಣ ಫ್ಲೆಕ್ಸು ಹೊಡೆದೆ. ಫೋಟೋ ಇಲ್ಲ, ಕೋರುವವರ ಹೆಸರಿಲ್ಲ. ಬಿಳಿ ಮೇಲೆ ನೀಲಿಯಲ್ಲಿ ಅವರ ಮಾತು ಮಾತ್ರ: ಕಡಲು ಸಮ ಇಲ್ಲ. ಮಾಳಿಗೆಗೆ ಹೋಗುವ ಮೆಟ್ಟಿಲಿನ ಬದಿಗೆ ಕಟ್ಟಿದೆ. ದಾರಿಯಲ್ಲಿ ಹೋಗುವವರು ನಿಂತು ಓದಿ ಆಕಾಶ ನೋಡುವರು.

ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಮೀನು ತರುವವನು ಹಾರ್ನು ಬಾರಿಸುತ್ತಾ ಬಂದು, ಅದನ್ನು ಓದಿ, ಗಾಬರಿಯಿಂದ ಇಳಿದ.

“ಎಂತ ಮಾರಾಯ್ರೆ, ಕಡಲು ಸಮ ಇಲ್ಲವಾ? ನಾಳೆ ಬೋಟು ಹೋಗುದಿಲ್ಲವಾ?”

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ತಂಗಿ ಪಾತ್ರೆ ಹಿಡಿದುಕೊಂಡು ಬಂದಳು.

“ಬೋಟು ಹೋಗ್ತದೆ,” ಎಂದಳು. “ಹೋದವರನ್ನು ಹುಡುಕುವವರು ಬೇಕು, ಅಷ್ಟೆ. ಬಂಗುಡೆ ಹೇಗೆ ಇವತ್ತು?”